ಉತ್ತರದ ತೀರ

ನವೆಂಬರ್ ೬

ಅಕ್ಕನಿಗೆ ನಮಸ್ಕಾರ.

ನಿನ್ನೆ ಮಧ್ಯಾಹ್ನ ಬಂದು ಸೇರಿದೆ. ಗಿಣಿ ನಿಮ್ಮ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿದಂತಿತ್ತು. ಅತ್ತಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ಅಳದೆ, 'ಅಪ್ಪನ್ನ ಕರ್ಕೊಂಡು ಬಾ, ಐಸ್‌ಕ್ರೀಮೂ ತಗೊಂಡು ಬಾ' ಅಂದಳಲ್ಲ, ಎರಡೂ ಒಂದೇ ಅಂಗಡಿಯಲ್ಲಿ ಸಿಗುವ ಸಾಮಾನು ಅನ್ನುವ ಹಾಗೆ.

ಇದನ್ನು ಊರು ಅನ್ನುವುದಕ್ಕಾಗುವುದಿಲ್ಲ ಅಕ್ಕ. ಇರುವುದು ಒಂದೇ ರಸ್ತೆ. ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಹೋಟೆಲುಗಳು. ನಡುವೆ ದೀಪಸ್ತಂಭ. ಅದರ ಆಚೆ ಬಂಡೆಗಳ ಕೊಲ್ಲಿ, ಇನ್ನೂ ಮುಂದೆ ಹೋದರೆ ದೊಡ್ಡವರು ಬರುವ ಉತ್ತರದ ತೀರ. ದಕ್ಷಿಣದ ತುದಿಯಲ್ಲಿ ಬರೀ ಮರಳು, ಅಲ್ಲಲ್ಲಿ ಹಳೆಯ ಹೋಟೆಲುಗಳು. ಈ ತುದಿಯಿಂದ ಆ ತುದಿಗೆ ದಿನವಿಡೀ ಬಸ್ಸು ಓಡಾಡುತ್ತದೆ. ಇಷ್ಟರಲ್ಲಿ ಒಬ್ಬ ಮನುಷ್ಯ ಎಷ್ಟು ದಿನ ಕಾಣದೆ ಇರಬಲ್ಲ? ಊರಿಗೆ ಬಂದವನು ನೀರಿಗೆ ಬಾರದಿರುತ್ತಾನೆಯೇ ಅಂತ ನನಗೆ ನಾನೇ ಹೇಳಿಕೊಂಡೆ.

ಮೊದಲು ಬಿಳಿ ಕಂಬದ ಹೋಟೆಲಿಗೆ ಹೋದೆ. ಗಿಣಿಯ ಅಪ್ಪನ ಕೊನೆಯ ಕಾಗದ ಬಂದದ್ದು ಅಲ್ಲಿಂದಲೇ ಅಲ್ಲವೇ. ಹೊರಗಿನಿಂದ ನೋಡಿದರೆ ಅರಮನೆ. ಹತ್ತಿರ ಹೋದರೆ ಕಂಬದ ಸುಣ್ಣ ಉಪ್ಪುಗಾಳಿಗೆ ಹಪ್ಪಳದಂತೆ ಎದ್ದಿದೆ. ಒಳಗೆ ಮೀನಿನ ತೊಟ್ಟಿ, ಅದರ ಪಕ್ಕದಲ್ಲಿ ನನ್ನ ಚಪ್ಪಲಿಯನ್ನೇ ನೋಡುತ್ತಾ ಮಾತನಾಡುವ ಮ್ಯಾನೇಜರು. ನಿಮ್ಮ ತಮ್ಮ ಸಂಜೆ ಹೊತ್ತು ಅಲ್ಲೇ ಕೀಬೋರ್ಡ್ ನುಡಿಸುತ್ತಿದ್ದರಂತೆ. ಚೆನ್ನಾಗಿ ನುಡಿಸುತ್ತಿದ್ದರು, ಹೋದ ತಿಂಗಳು ಬಿಟ್ಟರು ಅಂದ. ಎಲ್ಲಿಗೆ ಅಂದರೆ, ದೀಪಸ್ತಂಭದ ಪಕ್ಕದ ಹೋಟೆಲಿನಲ್ಲಿ ವಿಚಾರಿಸಿ ಅಂದ.

ಒಂದೇ ಸೀಸನ್ ಅಂತ ಹೋದವರು. ಮೂರು ತಿಂಗಳಿಂದ ಒಂದು ಅಕ್ಷರವಿಲ್ಲ. ಕಾಯಿಲೆ ಬಿದ್ದಿದ್ದಾರೋ, ಯಾರ ಜೊತೆಗಾದರೂ ಜಗಳವೋ, ಏನೂ ಹೊಳೆಯುವುದಿಲ್ಲ. ಆ ಹೋಟೆಲಿನ ಯಜಮಾನ ಹದಿನಾಲ್ಕನೆಯ ತಾರೀಖು ಸೋಮವಾರ ಊರಿಗೆ ಬರುತ್ತಾನಂತೆ, ಅವತ್ತು ದೀಪಸ್ತಂಭದ ಕಡೆ ಹೋಗುತ್ತೇನೆ. ಅಲ್ಲಿಯವರೆಗೆ ಈ ಲಾಡ್ಜಿನಲ್ಲೇ ಇರುತ್ತೇನೆ. ಯಜಮಾನಿ ಒಳ್ಳೆಯವಳು, ಆದರೆ ಫೋನಿಗೆ ಬೀಗ ಹಾಕಿದ್ದಾಳೆ. ಹಾಗಾಗಿ ನಮಗೆ ಕಾಗದವೇ ಗತಿ.

ಗಿಣಿಗೆ ಕೆಮ್ಮು ಇದ್ದರೆ ಬಿಸಿನೀರು ಕೊಡಿ. ಹಟ ಮಾಡಿದರೆ ಬೈಯಿರಿ, ಆಮೇಲೆ ಅಪ್ಪಿಕೊಳ್ಳಿ. ನೀವಿಲ್ಲದಿದ್ದರೆ ನಾನು ಹೇಗೆ ಬರುತ್ತಿದ್ದೆ?


ನವೆಂಬರ್ ೧೧

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಓದಿ ಮನಸ್ಸು ಹಗುರವಾಯಿತು. ಇಲ್ಲಿಯದು ಬಿಡು, ಚಿಂತೆಯಿಲ್ಲ. ಕೆಮ್ಮು ಎರಡನೇ ದಿನಕ್ಕೇ ಹೋಯಿತು. ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಇವಳು ಕೆಳಗೆ ಕೂತು ಚೂರು ಬಟ್ಟೆ ಆರಿಸುತ್ತಾಳೆ. ಹಳದಿ ಬಟ್ಟೆ ಉಳಿದಿತ್ತು, ಒಂದು ಫ್ರಾಕ್ ಹೊಲಿದೆ. ಹಾಕಿಕೊಂಡು ಕನ್ನಡಿ ಬಿಟ್ಟು ಕದಲಲಿಲ್ಲ. ಮೊದಲ ದಿನ ಬಾಗಿಲ ಕಡೆ ನೋಡುತ್ತಿದ್ದಳು. ಈಗ ಇಲ್ಲ.

ನೀನು ಅವಸರ ಮಾಡಬೇಡ. ಹೊಸ ಜಾಗ, ಒಬ್ಬಂಟಿ ಹೆಂಗಸು. ಸೋಮವಾರ ಬೇಡ, ಇನ್ನೂ ಒಂದು ವಾರ ಬಿಟ್ಟು ಹೋಗು. ಸೀಸನ್ ಶುರುವಾಗುವ ಹೊತ್ತಿಗೆ ವಾದ್ಯದವರು ಒಂದು ಕಡೆ ನೆಲೆ ನಿಲ್ಲುತ್ತಾರೆ ಅಂತ ಅವನೇ ಹಿಂದೆ ಹೇಳುತ್ತಿದ್ದ. ಹುಡುಕಿದರೆ ದೇವರೇ ಸಿಗುತ್ತಾನಂತೆ, ನನ್ನ ತಮ್ಮ ಯಾವ ಲೆಕ್ಕ?

ಎಲ್ಲಿಗೆ ಹೋದರೂ ಮುಂಚೆ ನನಗೊಂದು ಸಾಲು ಬರೆದು ಹೋಗು. ನನ್ನ ಜೀವ ಇಲ್ಲಿ ಡವಗುಟ್ಟುತ್ತಿರುತ್ತದೆ.

ನಿನ್ನ ಅಕ್ಕ


ನವೆಂಬರ್ ೨೨

ಅಕ್ಕ,

ನಿಮ್ಮ ಮಾತಿನಂತೆ ಒಂದು ವಾರ ಬಿಟ್ಟೇ ದೀಪಸ್ತಂಭದ ಹೋಟೆಲಿಗೆ ಹೋದೆ. ಎರಡು ದಿನದ ಹಿಂದೆ ಬಿಟ್ಟು ಹೋಗಿದ್ದಾರೆ! ಬರೀ ಎರಡು ದಿನ. ಅವರಿದ್ದ ಕೋಣೆಯನ್ನು ನೋಡಿದೆ. ಅಡಿಗೆಮನೆಯ ಹಿಂದೆ, ಕಿಟಕಿ ತೆಗೆದರೆ ಎಣ್ಣೆಯ ಹೊಗೆ. ಹಾಸಿಗೆಯ ಪಕ್ಕದ ಗೋಡೆಯ ಮೇಲೆ ಬೆರಳಿನಿಂದ ತಾಳ ಹಾಕಿದ ಕಲೆ. ಆ ಅಭ್ಯಾಸ ನಿಮಗೂ ಗೊತ್ತಲ್ಲ, ಮಲಗಿಕೊಂಡೇ ಗೋಡೆ ಕುಟ್ಟುವುದು. ಆ ಕಲೆಯ ಮುಂದೆ ನಿಂತು ಅತ್ತೆ. ಕೋಣೆ ಗುಡಿಸುವವಳು ನನ್ನನ್ನು ಏನೆಂದುಕೊಂಡಳೋ.

ಬರಿಗೈಯಲ್ಲಿ ಕೂತರೆ ಆಗುವುದಿಲ್ಲವೆಂದು ಒಂದು ಕೆಲಸ ಹಿಡಿದಿದ್ದೇನೆ. ಮದುವೆಗೆ ಮುಂಚೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಹಿಡಿದವಳಲ್ಲವೇ ನಾನು. ಇಲ್ಲಿಯ ಲಾಂಡ್ರಿ ನಾಲ್ಕೈದು ಹೋಟೆಲುಗಳಿಗೆ ಬಟ್ಟೆ ಒಗೆದು ಕೊಡುತ್ತದೆ. ಮೇಸ್ತ್ರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ಕೂಗಾಡುತ್ತಾನೆ, ಮನಸ್ಸು ಮಾತ್ರ ಮೆತ್ತಗೆ. ಮುಂದಿನಿಂದ ನೋಡಿದ ಹೋಟೆಲುಗಳನ್ನು ಈಗ ಹಿಂದಿನಿಂದ ನೋಡುತ್ತಿದ್ದೇನೆ. ಹಿತ್ತಿಲಲ್ಲಿ ಎಲ್ಲಾ ಹೋಟೆಲುಗಳೂ ಒಂದೇ. ಒದ್ದೆ ಚಾದರ, ಒಡೆದ ಬಕೆಟ್, ಬಾಗಿಲಿಗೆ ಕಟ್ಟಿದ ನಾಯಿ. ಚಾದರವನ್ನು ಎಷ್ಟು ಝಾಡಿಸಿದರೂ ಮರಳು ಬೀಳುತ್ತಲೇ ಇರುತ್ತದೆ. ಜನ ಸಮುದ್ರವನ್ನು ಹಾಸಿಗೆಗೇ ಹೊತ್ತು ತರುತ್ತಾರೆ.

ಬಂಡೆಗಳ ಕೊಲ್ಲಿಯಲ್ಲಿ ಒಂದು ತಂಡ ನುಡಿಸುತ್ತಿದೆಯಂತೆ. ಹತ್ತನೆಯ ತಾರೀಖು ರಜೆ ಸಿಗುತ್ತದೆ, ಅವತ್ತು ಹೋಗುತ್ತೇನೆ. ಗಿಣಿಯ ಕೈಯಲ್ಲಿ ಏನಾದರೂ ಗೀಚಿಸಿ ಕಳಿಸಿ. ನನ್ನ ಕಾಗದಗಳನ್ನು ಅವಳಿಗೆ ಓದಿ ಹೇಳುತ್ತೀರಲ್ಲ?


ಡಿಸೆಂಬರ್ ೧

ತಂಗೀ,

ಕೆಲಸ ಹಿಡಿದದ್ದು ಒಳ್ಳೆಯದಾಯಿತು. ಮನಸ್ಸಿಗೂ ಒಂದು ಕೆಲಸ ಬೇಕು. ಬಂಡೆಗಳ ಕೊಲ್ಲಿಗೆ ಹೋಗಿ ಬಾ. ಸಿಕ್ಕೇ ಸಿಗುತ್ತಾನೆ.

ಗಿಣಿಯನ್ನು ಹತ್ತಿರದ ಶಿಶುವಿಹಾರಕ್ಕೆ ಸೇರಿಸಿದೆ. ನಿನ್ನನ್ನು ಕೇಳಿ ಸೇರಿಸಬೇಕಿತ್ತು, ಆದರೆ ನೀನು ಹೇಗೂ ಬೇಡವೆನ್ನುತ್ತಿರಲಿಲ್ಲ. ನಿನ್ನ ಮೊದಲ ಕಾಗದ ಓದಿದಾಗ ಮಧ್ಯಾಹ್ನವೆಲ್ಲ ಮಂಕಾಗಿದ್ದಳು, ಊಟ ಮಾಡಲಿಲ್ಲ. ಅದಕ್ಕೇ ಈಗ ಓದುತ್ತಿಲ್ಲ. ಆರಿದ ಗಾಯವನ್ನು ಕೆರೆಯುವುದು ಯಾಕೆ? ನೀನೂ ತಾಯಿ, ನಿನಗೆ ಅರ್ಥವಾಗುತ್ತದೆ.

ಗೀಚಿದ್ದೆಲ್ಲ ಇಲ್ಲಿದೆ. ಒಟ್ಟಿಗೆ ಕಳಿಸುತ್ತೇನೆ.


ಡಿಸೆಂಬರ್ ೧೩

ಅಕ್ಕ,

ಬಂಡೆಗಳ ಕೊಲ್ಲಿಯಿಂದಲೂ ಹೋಗಿಬಿಟ್ಟಿದ್ದಾರೆ. ಈ ಸಲ ಹಿಂದಿನ ದಿನ.

ಜಾಗ ಚೆಂದ. ಬಂಡೆಗಳ ನಡುವೆ ನೀರು ಬಂದು ನಿಂತು ಕೊಳವಾಗುತ್ತದೆ. ಮಕ್ಕಳು ಅದರಲ್ಲಿ ಕೂತು ಆಡುತ್ತಾರೆ. ಅಲ್ಲಿ ಒಬ್ಬಳು ತಾಯಿ ಮಗಳ ಕೂದಲಿನಿಂದ ಮರಳು ತೆಗೆಯುತ್ತಾ ಕೂತಿದ್ದಳು. ಅರ್ಧ ಗಂಟೆ ನೋಡಿದೆನೋ ಏನೋ, ಅವಳಿಗೆ ಮುಜುಗರವಾಗಿ ಎದ್ದು ಹೋದಳು.

ಹೋಟೆಲಿನ ಮಾಣಿ ಒಂದು ವಿಷಯ ಹೇಳಿದ. ತಂಡದಲ್ಲಿ ಹಾಡುವವಳೊಬ್ಬಳು ಇದ್ದಾಳಂತೆ. ಇವರೂ ಅವಳೂ ಒಂದೇ ಕೋಣೆ. 'ಗಂಡ ಹೆಂಡ್ತಿ ಅಲ್ವಾ ಮೇಡಂ' ಅಂತ ನನ್ನನ್ನೇ ಕೇಳಿದ. ಹೌದು ಅಂದೆ. ಬೇರೆ ಏನು ಹೇಳಲಿ? ರಿಸೆಪ್ಷನ್ನಿನವನಿಂದ ಮಾತ್ರ ಉಪಯೋಗವಾಗಲಿಲ್ಲ.

ಸಾಕಾಗಿದೆ. ಹಾಡುವವಳು ಇದ್ದರೆ ಇರಲಿ, ಅವರ ಬಾಯಿಂದ ಒಂದು ಮಾತು ಕೇಳಿ ಮುಗಿಸೋಣ ಅನ್ನಿಸುತ್ತದೆ. ಅದಕ್ಕೂ ಮುಂಚೆ ಒಂದು ವಾರ ಬಂದು ಗಿಣಿಯ ಜೊತೆ ಇದ್ದು ಹೋಗಲೇ? ರಜೆ ಕೇಳಿದರೆ ಮೇಸ್ತ್ರಿ ಕೊಡುತ್ತಾನೆ.


ಡಿಸೆಂಬರ್ ೧೮

ತಂಗೀ,

ನಿನ್ನ ಕಾಗದ ಈಗಷ್ಟೇ ಓದಿದೆ. ಹಾಡುವವಳು ಅಂತೆ! ನಮ್ಮ ಮನೆಯಲ್ಲಿ ಹುಟ್ಟಿದವನು ಹೀಗೆ ಮಾಡಿದನಲ್ಲ. ನಾಚಿಕೆಯಾಗುತ್ತದೆ.

ಆದರೆ ಈಗ ಬರಬೇಡ. ಬಂದು ಒಂದು ವಾರ ಇದ್ದು ಮತ್ತೆ ಹೊರಟರೆ ಆ ಮಗು ಏನಾಗಬೇಕು? ಈಗಷ್ಟೇ ಒಂದು ಹದಕ್ಕೆ ಬಂದಿದೆ. ಓಣಿಯ ಜನರ ಬಾಯಿ ಬೇರೆ ಕೇಳಬೇಡ; ಗಂಡನನ್ನು ಹುಡುಕಲು ಹೋದವಳು ಬರಿಗೈಯಲ್ಲಿ ಬಂದಳು ಅಂತ ಆಡಿಕೊಳ್ಳುತ್ತಾರೆ. ನಾನು ಹೆತ್ತವಳಲ್ಲ, ಗಂಡನೂ ಹೋದ. ಈ ಓಣಿಯ ಮಾತು ಎಷ್ಟು ಹರಿತ ಅಂತ ನನಗೆ ಗೊತ್ತು.

ಅವನು ದಕ್ಷಿಣದ ತುದಿಯಲ್ಲಿದ್ದಾನೆ ಅಂತ ಅವನ ಹಳೇ ಸ್ನೇಹಿತನೊಬ್ಬ ಹೇಳಿದ. ಅಲ್ಲಿ ನೋಡು. ಸೀಸನ್ ಮುಗಿಯುವ ತನಕ ಬಿಡಬೇಡ. ಇಷ್ಟು ದೂರ ಬಂದು ಅರ್ಧಕ್ಕೆ ಬಿಟ್ಟರೆ ಜೀವನಪೂರ್ತಿ ಕೊರಗುತ್ತೀಯ.


ಜನವರಿ ೪

ಅಕ್ಕ,

ಹೊಸ ವರ್ಷಕ್ಕೆ ಹೋಟೆಲುಗಳೆಲ್ಲ ತುಂಬಿದ್ದವು. ಲಾಂಡ್ರಿಯಲ್ಲಿ ನಿಂತಲ್ಲಿಂದ ಕೂರಲಿಕ್ಕೂ ಪುರುಸೊತ್ತಿಲ್ಲ, ಅದಕ್ಕೇ ತಡವಾಯಿತು. ನೀವು ಹೇಳಿದ್ದು ಸರಿ, ಈಗ ಬರುವುದಿಲ್ಲ.

ದಕ್ಷಿಣದ ತುದಿಯಲ್ಲಿ ವಿಚಾರಿಸಿದೆ. ಅಲ್ಲಿ ಅವರಿಲ್ಲ. ಹಾಗಾಗಿ ಉತ್ತರದ ತೀರಕ್ಕೆ ಹೋಗುತ್ತೇನೆ. ದೊಡ್ಡ ಹೋಟೆಲುಗಳು, ಒಳಗೆ ಬಿಡುತ್ತಾರೋ ಇಲ್ಲವೋ. ಹದಿನೈದನೆಯ ತಾರೀಖು ಬೆಳಿಗ್ಗೆಯ ಬಸ್ಸಿಗೆ ಹೊರಟು ಒಂದೊಂದೇ ಹೋಟೆಲು ನೋಡಿಕೊಂಡು ಬರುತ್ತೇನೆ. ಒಂದು ವಾರ ಅಲ್ಲೇ ಇರಬೇಕೆಂದಿದ್ದೇನೆ.

ನಿಮ್ಮಂಥ ಅಕ್ಕ ಇರುವುದಕ್ಕೆ ನಾನು ಧೈರ್ಯವಾಗಿದ್ದೇನೆ. ಗಿಣಿಗೆ ನನ್ನ ಮುತ್ತು. ಗೀಚಿದ ಹಾಳೆಗಳು ಇನ್ನೂ ಬಂದಿಲ್ಲ.


ಜನವರಿ ೯

ತಂಗೀ,

ಉತ್ತರದ ತೀರಕ್ಕೆ ಹೋಗಿ ಬಾ, ಅದೇ ಸರಿಯಾದ ಯೋಚನೆ. ದೊಡ್ಡ ಹೋಟೆಲೆಂದು ಹೆದರಬೇಡ. ಬೂದು ಬಣ್ಣದ ಸೀರೆ ಉಟ್ಟುಕೊಂಡು ಹೋಗು, ಅದರಲ್ಲಿ ನೀನು ಚೆನ್ನಾಗಿ ಕಾಣುತ್ತೀಯ. ಹದಿನೈದನೆಯ ತಾರೀಖು ಅಂದೆಯಲ್ಲ, ಬದಲಾಯಿಸಿದರೆ ಮುಂಚೆಯೇ ತಿಳಿಸು.

ಗಿಣಿ ಚೆನ್ನಾಗಿದ್ದಾಳೆ. ಎರಡು ಹಲ್ಲು ಅಲುಗಾಡುತ್ತಿವೆ.


ಜನವರಿ ೧೭

ಅಕ್ಕ ಎಂದು ಬರೆಯುವುದು ಇದೇ ಕೊನೆ.

ನಾನು ಉತ್ತರದ ತೀರಕ್ಕೆ ಹೋಗಲಿಲ್ಲ. ಹದಿಮೂರನೆಯ ತಾರೀಖಿನಿಂದ ದಕ್ಷಿಣದ ತುದಿಯ ಹಳೇ ಹೋಟೆಲಿನ ಹಿತ್ತಿಲಲ್ಲಿ ಚಾದರ ಒಣಗಿಸುತ್ತಿದ್ದೆ. ಅದೂ ನಮ್ಮ ಲಾಂಡ್ರಿಗೆ ಸೇರಿದ್ದು. ಮೇಸ್ತ್ರಿಯ ಕಿವಿಯಲ್ಲಿ ಕೂಗಿ ಕೂಗಿ ಕೇಳಿಕೊಂಡು ಅಲ್ಲಿಗೆ ಹಾಕಿಸಿಕೊಂಡಿದ್ದೆ.

ಡಿಸೆಂಬರಿನಲ್ಲಿ ನಾನು ಒಂದು ಮಾತು ಬರೆಯದೆ ಬಿಟ್ಟಿದ್ದೆ. ಬಂಡೆಗಳ ಕೊಲ್ಲಿಯ ರಿಸೆಪ್ಷನ್ನಿನವನಿಂದ ಉಪಯೋಗವಾಗಲಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. 'ಅವರ ಅಕ್ಕ ಫೋನ್ ಮಾಡಿದ್ರು, ಮಾತಾಡಿದ ಕೂಡ್ಲೇ ಗಂಟುಮೂಟೆ ಕಟ್ಟಿದ್ರು' ಅಂತ ಅವನು ಹೇಳಿದ್ದ. ನಾನು ನಂಬಲಿಲ್ಲ. ಅವರಿಗೆ ಅಕ್ಕ ಅನ್ನಿಸಿಕೊಳ್ಳುವವರು ಬೇರೆ ಯಾರೋ ಇರಬೇಕು, ಹಾಡುವವಳ ಕಡೆಯವರು ಯಾರೋ ಇರಬೇಕು ಅಂತ ನಿನ್ನ ಪರವಾಗಿ ನಾನೇ ಎಷ್ಟೋ ದಿನ ವಾದ ಮಾಡಿದೆ. ಆಮೇಲೆ ಹಿಂದಿನದೆಲ್ಲ ನೆನಪಿಗೆ ಬಂತು. ಪ್ರತಿ ಸಲವೂ ನಾನು ಎಲ್ಲಿಗೆ ಹೋಗುತ್ತೇನೆಂದು ನಿನಗೆ ಬರೆದಿದ್ದೆ. ಪ್ರತಿ ಸಲವೂ ನಾನು ಹೋಗುವ ಮುಂಚೆ ಅವರು ಎದ್ದು ಹೋಗಿದ್ದರು. ನೀನು ದಕ್ಷಿಣಕ್ಕೆ ಹೋಗು ಅಂದಾಗ, ಹಾಗಾದರೆ ಅವರು ಉತ್ತರದಲ್ಲಿದ್ದಾರೆ ಅಂತ ತಿಳಿಯಿತು. ಉತ್ತರಕ್ಕೆ ಬರುತ್ತೇನೆಂದು ನಿನಗೆ ಬರೆದರೆ ದಕ್ಷಿಣಕ್ಕೆ ಓಡಿ ಬರುತ್ತಾರೆ ಅಂದುಕೊಂಡೆ. ಇರುವುದು ಒಂದೇ ರಸ್ತೆ, ಬೇರೆಲ್ಲಿಗೆ ಹೋಗುತ್ತಾರೆ? ಹಾಗಾಗಬಾರದು ಅಂತಲೂ ಕೇಳಿಕೊಂಡೆ. ಗಂಡ ಸಿಗದಿದ್ದರೂ ಚಿಂತೆಯಿಲ್ಲ, ಅಕ್ಕ ಉಳಿಯಲಿ ಅಂತ.

ಹದಿನಾಲ್ಕನೆಯ ತಾರೀಖು ಮಧ್ಯಾಹ್ನ ಬಂದರು. ಮೊದಲು ಹಾಡುವವಳು ಬಂದಳು. ಏಳೆಂಟು ತಿಂಗಳ ಬಸುರಿ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ನನ್ನ ಹತ್ತಿರ ನೀರು ಕೇಳಿದಳು. ಯಾರೆಂದು ಗೊತ್ತಿದ್ದೇ ಕೊಟ್ಟೆ. ಅವಳ ಹಿಂದೆ ನಿನ್ನ ತಮ್ಮ, ಹೆಗಲಲ್ಲಿ ಕೀಬೋರ್ಡು. ನನ್ನನ್ನು ನೋಡಿ ಅವನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ?

"ನೀನು ಉತ್ತರದಲ್ಲಿ ಇರ್ಬೇಕಿತ್ತಲ್ಲ."

ಚೆನ್ನಾಗಿದ್ದೀಯಾ ಅಂತಲ್ಲ. ತಪ್ಪಾಯ್ತು ಅಂತಲೂ ಅಲ್ಲ. ಚಾದರದ ಬುಟ್ಟಿ ಕೆಳಗಿಟ್ಟೆ. ಯಾಕೆ ಓಡುತ್ತಿದ್ದೀರಿ ಅಂತ ಕೇಳಿದೆ. ಅವನು ಅಕ್ಕಪಕ್ಕ ನೋಡಿದ. ಪೊಲೀಸರನ್ನು ಹುಡುಕುತ್ತಿದ್ದಾನೆ ಅಂತ ಆಮೇಲೆ ತಿಳಿಯಿತು. ನಾನು ಪೊಲೀಸರನ್ನು ಕಟ್ಟಿಕೊಂಡು ಹೋಟೆಲು ಹೋಟೆಲು ಸುತ್ತುತ್ತಿದ್ದೇನೆ, ಸಿಕ್ಕರೆ ಇಬ್ಬರನ್ನೂ ಒಳಗೆ ಹಾಕಿಸುತ್ತೇನೆ ಅಂತ ನೀನು ಹೇಳಿದ್ದೀಯಂತೆ. ಪಾಪ, ಹೆದರಿಕೆಯಲ್ಲಿ ಇಳಿದು ಹೋಗಿದ್ದಾನೆ. ಅವನನ್ನು ಕಂಡರೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಇಷ್ಟು ಸಣ್ಣ ಮನುಷ್ಯನಿಗಾಗಿ ಇಷ್ಟು ಉದ್ದದ ರಸ್ತೆ ತಿರುಗಿದೆನೇ ಅನ್ನಿಸಿತು, ಅಷ್ಟೇ.

"ಮಗಳ ವಿಷಯ ಕೇಳಲ್ವಾ?" ಅಂದೆ.

"ಅದು ತೀರ್ಮಾನ ಆಗಿದೆಯಲ್ಲ," ಅಂದ. "ಮಗು ಅಕ್ಕನ ಹತ್ರಾನೇ ಇರ್ಲಿ, ನಿನಗೆ ಹೊರೆ ಬೇಡ ಅಂತ ನೀನೇ ಒಪ್ಪಿದೀಯಂತೆ. ಈಗ ಅವಳನ್ನೇ ಅಮ್ಮ ಅಂತಾಳಂತೆ. ಒಳ್ಳೇದೇ ಆಯ್ತು ಬಿಡು."

ಆಮೇಲೆ ಅವನು ಇನ್ನೂ ಏನೇನೋ ಹೇಳಿದ. ನನಗೆ ಕೇಳಿಸಲಿಲ್ಲ. ಒಣಗಿದ ಚಾದರಗಳನ್ನು ಒಂದೊಂದೇ ತೆಗೆದು ಮಡಿಸಿದೆ. ಕೈಗೆ ಬೇರೆ ಕೆಲಸ ತಿಳಿಯಲಿಲ್ಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ನಾನು ಕೂಸನ್ನು ನಿನ್ನ ಕಂಕುಳಲ್ಲಿ ಕೂರಿಸಿ ಊರೆಲ್ಲ ಹುಡುಕಿದೆ. ಬೇಲಿಯೇ ಎದ್ದು ಹೊಲ ಮೇಯುತ್ತಿರುವುದು ಈಗ ಕಂಡಿತು.


ಜನವರಿ ೨೪

ತಂಗೀ,

ಬೈದುಬಿಟ್ಟೆ. ಆಯಿತು. ಈಗ ನನ್ನ ಮಾತನ್ನೂ ಕೇಳು.

ಅವನು ನಿನ್ನನ್ನು ಬಿಟ್ಟದ್ದು ನನ್ನ ಮಾತು ಕೇಳಿ ಅಲ್ಲ. ಆಗಸ್ಟಿನಲ್ಲೇ ನನಗೆ ಫೋನು ಮಾಡಿ ಹಾಡುವವಳ ವಿಷಯ ಹೇಳಿದ. ಇನ್ನು ಆ ಮನೆಗೆ ಬರುವುದಿಲ್ಲ ಅಂದ. ಬೈದೆ, ಅತ್ತೆ, ಜಗ್ಗಲಿಲ್ಲ. ನಿನಗೆ ಹೇಳಬೇಕು ಅಂತ ನಿಮ್ಮ ಮನೆ ಬಾಗಿಲ ತನಕ ಎಷ್ಟು ಸಲ ಬಂದಿದ್ದೇನೋ. ಪ್ರತಿ ಸಲವೂ ಗಿಣಿ ಓಡಿ ಬಂದು ಕಾಲು ಅಪ್ಪಿಕೊಳ್ಳುತ್ತಿದ್ದಳು. ಇದನ್ನು ಹೇಳಿದರೆ ನೀನು ಗಂಟು ಕಟ್ಟಿಕೊಂಡು ನಿನ್ನ ತೌರಿಗೆ ಹೋಗುತ್ತೀಯ, ಮಗು ಮತ್ತೆ ನನ್ನ ಕಣ್ಣಿಗೆ ಬೀಳುವುದಿಲ್ಲ ಅನ್ನಿಸುತ್ತಿತ್ತು. ಆಮೇಲೆ ನೀನೇ ಹುಡುಕಲು ಹೊರಟು ನಿಂತೆ. ಇವಳು ನಿಮ್ಮ ಹತ್ತಿರ ಇರಲಿ ಅಂದೆ. ನಾನು ಕೇಳಿಕೊಂಡು ಬಂದಿರಲಿಲ್ಲ, ನೀನೇ ತಂದು ಕೊಟ್ಟೆ.

ಅವನು ಸಿಕ್ಕ ದಿನವೇ ನೀನು ಬಂದು ಇವಳನ್ನು ಎತ್ತಿಕೊಂಡು ಹೋಗುತ್ತೀಯ ಅಂತ ಗೊತ್ತಿತ್ತು. ಇನ್ನೊಂದು ವಾರ ಇರಲಿ ಅಂದುಕೊಂಡೆ. ಆ ವಾರ ಮುಗಿದಾಗ ಇನ್ನೊಂದು. ನಿದ್ದೆಗಣ್ಣಿನಲ್ಲಿ ನನ್ನನ್ನು ಅಮ್ಮ ಅಂದಳು. ನಾನು ತಿದ್ದಲಿಲ್ಲ. ನನ್ನ ಜಾಗದಲ್ಲಿ ನೀನಿದ್ದರೆ ತಿದ್ದುತ್ತಿದ್ದೆಯಾ? ಎದೆಯ ಮೇಲೆ ಕೈಯಿಟ್ಟು ಹೇಳು.

ನೀನೂ ಒಂದನ್ನು ಯೋಚಿಸು. ಬಂಡೆಗಳ ಕೊಲ್ಲಿಯಲ್ಲಿ ನಿನಗೆ ಸಂಶಯ ಬಂತು ಅಂದೆ. ಆಗಲೇ ಯಾಕೆ ಓಡಿ ಬರಲಿಲ್ಲ? ಒಂದು ತಿಂಗಳು ಕೂತು ಉಪಾಯ ಹೂಡಿದೆ. ಆಗಲೂ ನಿನಗೆ ಮೊದಲು ಬೇಕಾದದ್ದು ಗಂಡನೇ, ಮಗಳಲ್ಲ. ನಾನು ಸುಳ್ಳು ಹೇಳಿದ್ದು ನಿಜ. ಆದರೆ ಇಷ್ಟು ದಿನವೂ ಅವಳ ತಲೆ ಬಾಚಿದವಳು ನಾನು.


ಜನವರಿ ೩೦

ನಿನ್ನ ಕಾಗದ ಬಂತು. ಒಂದು ಮಾತು ನಾಟಿತು. ಯಾವುದೆಂದು ನಿನಗೆ ಗೊತ್ತು, ಅದನ್ನು ನಾಟಲೆಂದೇ ಬರೆದಿದ್ದೀಯ. ಅದಕ್ಕೆ ಉತ್ತರ ನಿನಗೆ ಕೊಡಬೇಕಾದ್ದಲ್ಲ. ಗಿಣಿ ದೊಡ್ಡವಳಾಗಿ ಕೇಳಿದರೆ ಅವಳಿಗೆ ಕೊಡುತ್ತೇನೆ.

ತಲೆ ಬಾಚಿದೆ ಅಂದೆಯಲ್ಲ. ನಾನು ಬಾಚಬೇಕಾದ ತಲೆಯನ್ನು ನೀನು ಬಾಚಿದೆ. ನಾನು ಬರುತ್ತೇನೆಂದಾಗ ಬೇಡವೆಂದು ತಡೆದೆ. ನನ್ನ ಕಾಗದಗಳನ್ನು ಅವಳಿಗೆ ಓದಲಿಲ್ಲ. ಅವಳು ಗೀಚಿದ್ದನ್ನು ನನಗೆ ಕಳಿಸಲಿಲ್ಲ. ಅಪ್ಪ ಬಿಟ್ಟುಹೋದ ಮಗುವಿಗೆ ಅಮ್ಮನೂ ಬಿಟ್ಟುಹೋದಳು ಅನ್ನಿಸುವ ಹಾಗೆ ಮಾಡಿ, ಆಮೇಲೆ ಅಪ್ಪಿಕೊಂಡೆ. ನೀನು ಅದಕ್ಕೆ ಪ್ರೀತಿ ಅನ್ನುತ್ತೀಯ. ಇರಬಹುದು. ಪ್ರೀತಿಗೂ ಕಳ್ಳಗೈ ಇರುತ್ತದೆ.

ಅವಳನ್ನು ತಂದಿಟ್ಟುಕೊಳ್ಳಲು ಒಂದು ಜಾಗ ಬೇಕೆಂದು ಇಷ್ಟು ದಿನ ತಡೆದೆ. ಈಗ ಲಾಂಡ್ರಿಯ ಹಿಂದೆ ಒಂದು ಕೋಣೆ ಕೊಟ್ಟಿದ್ದಾರೆ. ಮೇಸ್ತ್ರಿಯ ಹೆಂಡತಿ ಹಳೆಯ ಮಂಚವೊಂದನ್ನು ಹಾಕಿಸಿದಳು. ತೌರಿಗೆ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ. ನಿನ್ನ ತಮ್ಮ ಮತ್ತೆಲ್ಲಿಗೋ ಹೋದನಂತೆ, ವಿಚಾರಿಸಲಿಲ್ಲ.

ಗಿಣಿಯನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಯಾವ ದಿನ, ಯಾವ ಬಸ್ಸು ಅಂತ ಮಾತ್ರ ಈ ಸಲ ಬರೆಯುವುದಿಲ್ಲ.


ಮಾರ್ಚ್ ೩

ನಿನಗೆ ಮತ್ತೆ ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ.

ನಾನು ಬಂದ ದಿನ ನೀನು ಜಗಳ ಮಾಡುತ್ತೀಯ, ಓಣಿಯವರನ್ನು ಸೇರಿಸುತ್ತೀಯ ಅಂದುಕೊಂಡೇ ಬಂದಿದ್ದೆ. ಬಾಯಿ ತುಂಬ ಮಾತು ಕೂಡಿಟ್ಟುಕೊಂಡಿದ್ದೆ. ನೀನು ಮಿಷನ್ ನಿಲ್ಲಿಸಿ ಎದ್ದು ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಗಿಣಿ ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನನ್ನನ್ನು ಇಣುಕಿ ನೋಡಿದಳು. 'ಅಮ್ಮ ಬಂದಿದಾಳೆ, ಹೋಗು' ಅಂತ ನೀನೇ ಅವಳನ್ನು ಮುಂದಕ್ಕೆ ತಳ್ಳಿದೆ. ಅದನ್ನು ನಾನು ಮರೆತಿಲ್ಲ.

ಇಲ್ಲಿ ಸೀಸನ್ ಮುಗಿಯಿತು. ಮರಳಿನ ಮೇಲಿನ ಕುರ್ಚಿಗಳನ್ನು ಸರಪಳಿ ಹಾಕಿ ಕಟ್ಟಿದ್ದಾರೆ. ಗಿಣಿಗೆ ಸಮುದ್ರ ತೋರಿಸಿದೆ; ಕಿವಿ ಮುಚ್ಚಿಕೊಂಡಳು. ಐಸ್‌ಕ್ರೀಮ್ ಕೊಡಿಸಿದೆ, ಕರಗಿ ಮೊಣಕೈ ತನಕ ಇಳಿಯಿತು, ತಿನ್ನಲಿಲ್ಲ. ನನ್ನನ್ನು ಏನೂ ಅನ್ನುವುದಿಲ್ಲ. ಅಮ್ಮ ಅಂತಲೂ ಅನ್ನುವುದಿಲ್ಲ. ಏನಾದರೂ ಬೇಕಾದರೆ ಬಟ್ಟೆ ಎಳೆಯುತ್ತಾಳೆ. ಬಾಯಿ ಮುಚ್ಚದೆ ವಟವಟ ಅನ್ನುತ್ತಿದ್ದಳೆಂದು ಗಿಣಿ ಅಂತ ಹೆಸರಿಟ್ಟವರು ನಾವೇ ಅಲ್ಲವೇ.

ಹಗಲು ಹೇಗೋ ಕಳೆಯುತ್ತದೆ. ಮಲಗುವ ಹೊತ್ತಿಗೆ ಅಳುತ್ತಾಳೆ. ನಾನು ಏನು ಹಾಡಿದರೂ 'ಅದಲ್ಲ, ಅತ್ತೆ ಮಾಡೋ ಹಾಗೆ ಮಾಡು' ಅನ್ನುತ್ತಾಳೆ. ಅತ್ತೆ ಏನು ಮಾಡುತ್ತಿದ್ದಳು ಅಂತ ಕೇಳಿದರೆ ಹೇಳಲು ಬರುವುದಿಲ್ಲ, ಇನ್ನೂ ಜೋರಾಗಿ ಅಳುತ್ತಾಳೆ.

ಅದಕ್ಕೇ ಕೇಳುತ್ತಿದ್ದೇನೆ. ಅವಳನ್ನು ಹೇಗೆ ಮಲಗಿಸುತ್ತಿದ್ದೆ? ಹಾಡೋ, ಕಥೆಯೋ, ಬೆನ್ನು ತಟ್ಟುವುದೋ? ಅದೊಂದನ್ನು ಬರೆ. ಬೇರೆ ಏನೂ ಬೇಡ. ಲಾಂಡ್ರಿಯ ವಿಳಾಸಕ್ಕೆ ಹಾಕು.


ಮಾರ್ಚ್ ೮

ತಂಗೀ,

ನೀನು ಕೇಳಿದೆಯಲ್ಲ, ಅದೇ ದೊಡ್ಡದು. ನೀವಿಬ್ಬರೂ ಹೋದ ಮೇಲೆ ಮಿಷನ್ನಿಗೆ ಬಟ್ಟೆ ಹಾಕಿಲ್ಲ.

ಅದು ಬರೆದು ಹೇಳುವಂಥದ್ದಲ್ಲ. ಹಾಡೂ ಅಲ್ಲ, ಕಥೆಯೂ ಅಲ್ಲ. ನಾನೇ ಬಂದು ಪಕ್ಕದಲ್ಲಿ ಮಲಗಿಸಿಕೊಂಡು ತೋರಿಸಬೇಕು. ನಾಲ್ಕು ದಿನ ಸಾಕು. ಕೋಣೆ ಚಿಕ್ಕದಾದರೆ ನೆಲದ ಮೇಲೆ ಮಲಗುತ್ತೇನೆ. ಬಾ ಅನ್ನು, ಬರುತ್ತೇನೆ.

ನಿನ್ನ ಅಕ್ಕ


ಮಾರ್ಚ್ ೧೩

ಬೇಡ.

ಅಳಲಿ. ಅತ್ತು ಅತ್ತು ಮಲಗುವುದನ್ನು ನಾನೂ ಇಲ್ಲೇ ಕಲಿತದ್ದು. ಅವಳ ಪಕ್ಕದಲ್ಲಿ ನಾನಿದ್ದೇನೆ. ನನಗೆ ಅಷ್ಟೂ ಇರಲಿಲ್ಲ.